ಮಣ್ಣಿನ ಮೈದಾನಕ್ಕೆ ಮರದ ಹಾಕಿ ಸ್ಟಿಕ್ಕೇ ಸರಿ ಅಂತ ನನ್ನ ವಾದ, ನೀವೆಲ್ಲ ಏನು ಹೇಳುತ್ತೀರಿ?

ರಥಬೀದಿ ಹಾಫ್‌ಬ್ಯಾಕ್

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಬೆಳಿಗ್ಗೆ ಹೊತ್ತು ಶಾಲಾ ಮಕ್ಕಳಿಗೆ ಹಾಕಿ ಹೇಳಿಕೊಡುತ್ತೇನೆ. ಹೊಟ್ಟೆಪಾಡಿನ ಕೆಲಸ ಬೇರೆ ಉಂಟು, ಇದು ಆಟದ ಮೇಲಿನ ಪ್ರೀತಿಗೆ.

ಈ ಸಲ ಶಾಲೆ ಶುರುವಾದಾಗಿನಿಂದ ಒಂದು ವಿಷಯ ತಲೆ ತಿನ್ನುತ್ತಾ ಉಂಟು. ಹೊಸದಾಗಿ ಸೇರಿದ ಮಕ್ಕಳಲ್ಲಿ ಸುಮಾರು ಜನರ ಕೈಯಲ್ಲಿ ಕಾಂಪೋಸಿಟ್ ಸ್ಟಿಕ್, ಅಂದರೆ ಮರದ ಬದಲು ಕಾರ್ಬನ್, ಗಾಜಿನ ನಾರಿನಲ್ಲಿ ಮಾಡಿದ್ದು. ಅಪ್ಪ ಅಮ್ಮಂದಿರು ಟೋಕಿಯೊದಲ್ಲಿ, ಮತ್ತೆ 2024ರಲ್ಲಿ ಪ್ಯಾರಿಸ್‌ನಲ್ಲಿ ನಮ್ಮವರು ಕಂಚು ಗೆದ್ದದ್ದನ್ನು ಟಿವಿಯಲ್ಲಿ ನೋಡಿದ್ದಾರೆ. ಆ ಆಟಗಾರರ ಕೈಯಲ್ಲಿದ್ದದ್ದೇ ನಮ್ಮ ಮಗುವಿಗೂ ಬೇಕು ಅಂತ ಆಸೆ ಪಡುತ್ತಾರೆ. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಮೈದಾನಕ್ಕೆ ಬಂದು ನೋಡಿದರೆ ಆ ಮಗು ಚೆಂಡನ್ನು ನಿಲ್ಲಿಸಲಾಗದೆ ಒದ್ದಾಡುತ್ತಿರುತ್ತದೆ. ಎದುರಿನವನು ಮೆಲ್ಲಗೆ ಪುಶ್ ಮಾಡಿದ ಚೆಂಡು ಸ್ಟಿಕ್ಕಿಗೆ ತಗಲಿ ಟಕ್ ಅಂತ ಪುಟಿದು ಒಂದು ಮಾರು ದೂರ ಹೋಗುತ್ತದೆ. ಹುಡುಗ ಅದರ ಹಿಂದೆ ಓಡಿ ಮತ್ತೆ ತಂದು ನಿಲ್ಲಿಸುವಷ್ಟರಲ್ಲಿ ಪಾಸ್ ಕೊಡಬೇಕಾದ ಹೊತ್ತು ಕಳೆದುಹೋಗಿರುತ್ತದೆ. ಅದೇ ಹುಡುಗನಿಗೆ ಶಾಲೆಯ ಹಳೆಯ ಮರದ ಸ್ಟಿಕ್ ಕೊಟ್ಟು ನೋಡಿದೆ. ಚೆಂಡು ಕಾಲಿನ ಹತ್ತಿರವೇ ನಿಂತಿತು. ಕೈ ಹಿಡಿತ ಅದೇ, ನಿಂತ ಭಂಗಿ ಅದೇ, ಬದಲಾದದ್ದು ಸ್ಟಿಕ್ ಮಾತ್ರ.

ನಮ್ಮದು ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನ, ಅಲ್ಲ ಅನ್ನುವುದನ್ನು ನೆನಪಿಡಿ. ಕೆಂಪು ಮಣ್ಣು, ಮಧ್ಯೆ ಮಧ್ಯೆ ಮುರಕಲ್ಲಿನ ಹರಳು, ಒಂದು ಗೋಲಿನ ಕಡೆ ಇಳಿಜಾರು. ಚೆಂಡು ಬರುತ್ತಾ ಬರುತ್ತಾ ಎಲ್ಲಿ ಹಾರುತ್ತದೆ ಅಂತ ಹೇಳುವಂತಿಲ್ಲ. ಇಂಥ ನೆಲದಲ್ಲಿ ಮೊದಲು ಕಲಿಯಬೇಕಾದದ್ದು ಚೆಂಡು ನಿಲ್ಲಿಸುವುದು. ಹೊಡೆಯುವುದು ಆಮೇಲಿನ ಮಾತು. ಹಾಗಾಗಿ ಮರ ಇನ್ನೂ ಬಾಳುತ್ತಿರುವುದು ಹಳೆಯ ನೆನಪಿನ ಮೋಹದಿಂದ ಅಲ್ಲ, ಅದಕ್ಕೆ ಇವತ್ತಿಗೂ ಒಂದು ಕೆಲಸ ಇರುವುದರಿಂದ ಅಂತ ನನ್ನ ನಂಬಿಕೆ. ಅಂಗಡಿಯವರು ಮಾತ್ರ "ಮರದ್ದು ಯಾರೂ ಕೇಳುವುದಿಲ್ಲ" ಅಂತ ತರಿಸುವುದನ್ನೇ ಕಡಿಮೆ ಮಾಡಿದ್ದಾರೆ.

ಆಡಿದವರು, ಆಡಿಸಿದವರು, ಸ್ಟಿಕ್ ರಿಪೇರಿ ಮಾಡಿದವರು ದಯವಿಟ್ಟು ಬರೆಯಿರಿ.

ಸುರತ್ಕಲ್ ಎಂಜಿನಿಯರ್

ನೀವು ಹೇಳಿದ್ದಕ್ಕೆ ಸರಿಯಾದ ಕಾರಣ ಉಂಟು. ಕಾಂಪೋಸಿಟ್ ಅಂದರೆ ಗಾಜಿನ ನಾರು, ಕಾರ್ಬನ್ ನಾರು, ಕೆಲವೊಮ್ಮೆ ಕೆವ್ಲಾರ್ ತರಹದ ಅರಾಮಿಡ್ ನಾರು, ಇವನ್ನೆಲ್ಲ ಪದರ ಪದರವಾಗಿ ರಾಳದಲ್ಲಿ ಅಂಟಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಕಾರ್ಬನ್ ಜಾಸ್ತಿಯಾದಷ್ಟೂ ಸ್ಟಿಕ್ ಬಿಗಿ. ಬಿಗಿ ಇದ್ದರೆ ಬಾಗುವುದಿಲ್ಲ. ಬಾಗದಿದ್ದರೆ ನೀವು ಬೀಸಿದ ಶಕ್ತಿ ಹೆಚ್ಚು ಪೋಲಾಗದೆ ಚೆಂಡಿಗೆ ಹೋಗುತ್ತದೆ. ದೊಡ್ಡವರ ಹೊಡೆತಕ್ಕೆ ಅಷ್ಟು ವೇಗ ಬರುವುದು ಹಾಗೆ.

ಆದರೆ ಅದೇ ಗುಣ ಉಲ್ಟಾ ಕೂಡ ಕೆಲಸ ಮಾಡುತ್ತದೆ. ಚೆಂಡು ಬಂದು ಬಡಿದಾಗ ಬಿಗಿಯಾದ ಸ್ಟಿಕ್ ಅದರ ವೇಗವನ್ನು ನುಂಗುವುದಿಲ್ಲ, ವಾಪಸ್ ಕೊಡುತ್ತದೆ. ಹಾಕಿ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ, ಕಲ್ಲಿನ ಹಾಗೆ ಗಟ್ಟಿ. ನುರಿತ ಆಟಗಾರ ಆ ಕ್ಷಣದಲ್ಲಿ ಕೆಳಗಿನ ಕೈ ಸಡಿಲ ಬಿಟ್ಟು ಸ್ಟಿಕ್ಕನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ಆ ಪೆಟ್ಟನ್ನು ಸಾಯಿಸುತ್ತಾನೆ. ಚಿಕ್ಕ ಮಗುವಿಗೆ ಅದು ಗೊತ್ತಿರುವುದಿಲ್ಲ, ಹೆದರಿ ಸ್ಟಿಕ್ಕನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಮರದ ಒಳಗಿನ ನಾರು, ಹಿಡಿಯಲ್ಲಿರುವ ಬೆತ್ತ, ನಡುವಿನ ರಬ್ಬರ್ ಪಟ್ಟಿ ಮೂರೂ ಸೇರಿ ಆ ಪೆಟ್ಟಿನ ಒಂದಿಷ್ಟು ಪಾಲನ್ನು ತಿಂದುಬಿಡುತ್ತವೆ. ಕೈ ಜುಮ್ ಅನ್ನುವುದೂ ಕಡಿಮೆ.

ಇನ್ನೊಂದು ವಿಷಯ. ಎಲ್ಲ ಕಾಂಪೋಸಿಟ್ ಒಂದೇ ಅಲ್ಲ. ಕಾರ್ಬನ್ ಶೇಕಡಾ ಎಷ್ಟು ಅಂತ ಹೆಚ್ಚಿನ ಸ್ಟಿಕ್‌ಗಳ ಮೇಲೆ ಬರೆದಿರುತ್ತದೆ. ಮಕ್ಕಳಿಗೆ ಕೊಡಲೇಬೇಕಾದರೆ ಕಡಿಮೆ ಕಾರ್ಬನ್, ಜಾಸ್ತಿ ಗಾಜಿನ ನಾರು ಇರುವುದನ್ನು ಕೊಡಿ. ಬೆಲೆಯೂ ಕಡಿಮೆ, ಪುಟಿಯುವುದೂ ಕಡಿಮೆ. ಶೇಕಡಾ 90 ಅಂತ ಬರೆದದ್ದನ್ನು ಆರನೇ ಕ್ಲಾಸಿನ ಮಗುವಿಗೆ ಕೊಡಿಸುವುದು ಸುಮ್ನೆ ದುಡ್ಡು ದಂಡ.

ಟರ್ಫ್ ಹುಡುಗ

ನಾನು ಒಪ್ಪುವುದಿಲ್ಲ ಸರ್. ಕಾಲೇಜ್ ಟೀಮಿಗೆ ಆಡುತ್ತೇನೆ, ಶಾಲೆಯಲ್ಲಿ ಮರದಲ್ಲೇ ಕಲಿತವನು. ಟರ್ಫ್‌ನಲ್ಲಿ ಮೊದಲ ಸಲ ಆಡಿದಾಗ ನನಗೆ ಏನೂ ಅರ್ಥವಾಗಲಿಲ್ಲ. ಆಟದ ವೇಗವೇ ಬೇರೆ. ಅಲ್ಲಿ ಬೆಳೆದ ಹುಡುಗರು ರಿವರ್ಸ್ ಕಡೆಯಿಂದ, ಅಂದರೆ ಸ್ಟಿಕ್ ತಿರುವಿ ತಮ್ಮ ಎಡಗಡೆಯಿಂದ, ಸ್ಟಿಕ್ಕಿನ ಅಂಚಿನಲ್ಲಿ, ನೆಲಕ್ಕೆ ತಾಗಿಸಿ ಗೋಲಿಗೆ ಹೊಡೆಯುತ್ತಾರೆ. ಮರದಲ್ಲಿ ಆ ಹೊಡೆತ ಪ್ರ್ಯಾಕ್ಟೀಸ್ ಮಾಡಲು ಹೋದರೆ ಅಂಚು ಸೀಳುತ್ತದೆ. ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ತಂದು ಗೋಲಿಗೆ ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್ ಕೂಡ ಹಾಗೆಯೇ. ಈಗಿನ ಸ್ಟಿಕ್ಕಿಗೆ ಉದ್ದಕ್ಕೆ ಬಿಲ್ಲಿನ ಹಾಗೆ ಒಂದು ಬಾಗು ಇರುತ್ತದೆ, ನಿಯಮದ ಪ್ರಕಾರ 25 ಮಿಲಿಮೀಟರ್‌ವರೆಗೆ ಇರಬಹುದು. ಆ ಬಾಗಿನಲ್ಲಿ ಚೆಂಡು ಕೂತು ಜಾರಿಕೊಂಡು ಬಂದರೆ ಮಾತ್ರ ಫ್ಲಿಕ್ಕಿಗೆ ಜೋರು ಬರುತ್ತದೆ.

ಮತ್ತೆ ಟರ್ಫಿಗೆ ಆಟಕ್ಕೆ ಮೊದಲು ನೀರು ಬಿಡುತ್ತಾರೆ. ಮರದ ಸ್ಟಿಕ್ಕಿನ ತಲೆ, ಅಂದರೆ ಕೆಳಗಿನ ಬಾಗಿದ ಭಾಗ, ಆ ನೀರು ಕುಡಿದು ಭಾರ ಆಗುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಬಿರಿಯುತ್ತದೆ. ಕಾಂಪೋಸಿಟ್‌ಗೆ ಆ ಚಿಂತೆ ಇಲ್ಲ. ಒಂದು ಮುರಿದರೆ ಅದೇ ಮಾಡೆಲ್ ಇನ್ನೊಂದು ತೆಗೆದುಕೊಂಡರೆ ತೂಕ, ಬ್ಯಾಲೆನ್ಸ್ ಎಲ್ಲ ಅದೇ. ಮರದಲ್ಲಿ ಒಂದೇ ಅಂಗಡಿಯ ಎರಡು ಸ್ಟಿಕ್ ಎರಡು ಥರ.

ಮಕ್ಕಳನ್ನು ಮಣ್ಣಿನಲ್ಲೇ ಇಟ್ಟು ಮಣ್ಣಿಗೆ ತಕ್ಕ ಸ್ಟಿಕ್ ಕೊಟ್ಟರೆ ಅವರು ಅಲ್ಲೇ ಉಳಿಯುತ್ತಾರೆ ಅನ್ನುವುದು ನನ್ನ ಸಂಕಟ.

ರಥಬೀದಿ ಹಾಫ್‌ಬ್ಯಾಕ್

ಟರ್ಫ್ ಹುಡುಗ, ನಿಮ್ಮ ಸಂಕಟ ನನಗೂ ಉಂಟು. ಟರ್ಫ್‌ನಲ್ಲಿ ಆಡುವವನಿಗೆ ಮರ ಕೊಡಿ ಅಂತ ನಾನು ಹೇಳುತ್ತಿಲ್ಲ. ನೀರು ಕುಡಿಯುವ ಮಾತು ನೂರಕ್ಕೆ ನೂರು ನಿಜ. ನಾನು ಹೇಳುವುದು ಮೊದಲ ಎರಡು ಮೂರು ವರ್ಷದ ಬಗ್ಗೆ. ನೀವು ಮರದಲ್ಲಿ ಕಲಿತು ಆಮೇಲೆ ಕಾಂಪೋಸಿಟ್‌ಗೆ ಹೋದವರು. ಒಂದು ಕೇಳುತ್ತೇನೆ, ನಿಮ್ಮ ಟೀಮಿನಲ್ಲಿ ಚೆಂಡು ನಿಲ್ಲಿಸುವುದರಲ್ಲಿ ಯಾರು ಚೆನ್ನಾಗಿದ್ದಾರೆ? ಶುರುವಿನಿಂದಲೇ ಕಾರ್ಬನ್ ಹಿಡಿದವರಾ, ಮರದಿಂದ ಬಂದವರಾ?

ಟರ್ಫ್ ಹುಡುಗ

ಅದು ಕಷ್ಟದ ಪ್ರಶ್ನೆ ಸರ್. ನಮ್ಮಲ್ಲಿ ಮಿಡ್‌ಫೀಲ್ಡ್‌ನಲ್ಲಿ ಆಡುವ ಇಬ್ಬರು ಕೊಡಗಿನವರು. ಅವರ ಫಸ್ಟ್ ಟಚ್ ನೋಡಿದರೆ ಹೊಟ್ಟೆಕಿಚ್ಚು ಬರುತ್ತದೆ. ಇಬ್ಬರೂ ಮನೆಯ ಅಂಗಳದಲ್ಲಿ ಮರದಲ್ಲೇ ಕಲಿತವರು. ಆದರೆ ಅದು ಸ್ಟಿಕ್ಕಿನಿಂದ ಬಂತಾ, ಊರಿನಿಂದ ಬಂತಾ ಅಂತ ಹೇಗೆ ಹೇಳುವುದು?

ಸಂಪಾಜೆ ಘಾಟಿ

ಕೊಡಗಿನ ಹೆಸರು ಬಂತಲ್ಲ, ಹಾಗಾಗಿ ಬರೆಯುತ್ತೇನೆ. ಊರು ಮಡಿಕೇರಿ ಕಡೆ, ಓದಿದ್ದು ಮಂಗಳೂರಿನಲ್ಲಿ, ಈಗ ಕೆಲಸವೂ ಇಲ್ಲೇ. ಸ್ಟಿಕ್ಕಿನಿಂದಲೂ ಬರುತ್ತದೆ, ಊರಿನಿಂದಲೂ ಬರುತ್ತದೆ ತಮ್ಮಾ.

ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾಯಿತು. ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. ಪ್ರತಿ ವರ್ಷ ಒಂದು ಕುಟುಂಬ ಅದನ್ನು ನಡೆಸುತ್ತದೆ. ಈಗ ನೂರಾರು ಕುಟುಂಬಗಳು ಟೀಮ್ ಕಟ್ಟಿಕೊಂಡು ಬರುತ್ತವೆ. ಒಂದೇ ಟೀಮಿನಲ್ಲಿ ಅಪ್ಪ, ಮಗ, ಸೊಸೆ, ಚಿಕ್ಕಪ್ಪ ಎಲ್ಲ ಇರುತ್ತಾರೆ. ಹುಲ್ಲು ಮತ್ತು ಮಣ್ಣಿನ ಮೈದಾನ, ಬೇಸಿಗೆಯ ಬಿಸಿಲು. ಅಲ್ಲಿ ನೀವು ಎರಡೂ ನೋಡುತ್ತೀರಿ. ರಾಜ್ಯಕ್ಕೆ, ದೇಶಕ್ಕೆ ಆಡುವವರು ತಮ್ಮ ಕಾಂಪೋಸಿಟ್ ತರುತ್ತಾರೆ. ಅರವತ್ತು ದಾಟಿದ ಮಾವಂದಿರು ಅಟ್ಟದಿಂದ ಇಳಿಸಿದ ಮರದ ಸ್ಟಿಕ್ ಹಿಡಿದು ಬರುತ್ತಾರೆ. ಅವರು ಓಡುವುದಿಲ್ಲ, ಆದರೆ ಚೆಂಡು ಅವರ ಹತ್ತಿರ ಬಂದರೆ ಅಲ್ಲೇ ನಿಲ್ಲುತ್ತದೆ. ಎರಡು ಸಲ ಅತ್ತ ಇತ್ತ ತಿರುಗಿಸಿ ಎದುರಿನ ಹುಡುಗನನ್ನು ಕೂರಿಸಿಬಿಡುತ್ತಾರೆ. ಮೈದಾನದ ಸುತ್ತ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ.

ನಮ್ಮ ಕಡೆಯ ದೊಡ್ಡ ಹೆಸರುಗಳನ್ನು ನೋಡಿ. ಎಂ.ಪಿ. ಗಣೇಶ್, 1975ರ ವಿಶ್ವಕಪ್ ಗೆದ್ದ ಟೀಮಿನ ಬಿ.ಪಿ. ಗೋವಿಂದ, 1980ರ ಮಾಸ್ಕೋ ಚಿನ್ನದ ಟೀಮಿನ ಎಂ.ಎಂ. ಸೋಮಯ್ಯ. ಇವರೆಲ್ಲ ಆಡಿದ್ದು ಮರದ ಕಾಲದಲ್ಲಿ. ಆಮೇಲಿನ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಕಾಂಪೋಸಿಟ್ ಕಾಲದವರು. ರಘುನಾಥ್ ಅವರ ಡ್ರ್ಯಾಗ್ ಫ್ಲಿಕ್ ಮರದಲ್ಲಿ ಆ ಮಟ್ಟಕ್ಕೆ ಬರುತ್ತಿತ್ತು ಅಂತ ನಾನೂ ಹೇಳಲಾರೆ. ಹಾಗಾಗಿ ಟರ್ಫ್ ಹುಡುಗನ ಮಾತೂ ಸುಳ್ಳಲ್ಲ.

ಆಚಾರಿ ಮನೆ ಕಾರ್ಕಳ

ನಾನು ಹಾಕಿ ಆಡಿದವನಲ್ಲ. ನಮ್ಮದು ಮರದ ಕೆಲಸದ ಮನೆ. ಹತ್ತಿರದ ಶಾಲೆಯ ಮಾಸ್ಟ್ರು ಸೀಳಿದ ಸ್ಟಿಕ್ ತಂದು ಕೊಡುತ್ತಿದ್ದರು, ಹಾಗೆ ಅದರ ಪರಿಚಯ ಆಯಿತು. ಮರದ ಮಾತು ಬಂದಾಗ ಸುಮ್ಮನೆ ಇರಲಾಗುವುದಿಲ್ಲ.

ಹಾಕಿ ಸ್ಟಿಕ್ಕಿನ ತಲೆ ಹಿಪ್ಪುನೇರಳೆ ಮರದ್ದು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಾರಲ್ಲ, ಅದೇ ಜಾತಿ. ರೇಷ್ಮೆಯಲ್ಲಿ ನಮ್ಮ ರಾಜ್ಯವೇ ದೇಶಕ್ಕೆ ಮುಂದು, ಆದರೂ ಇಲ್ಲಿ ಸ್ಟಿಕ್ ಆಗುವುದಿಲ್ಲ. ರಾಮನಗರ, ಕೋಲಾರದ ಕಡೆ ಅದನ್ನು ಸೊಪ್ಪಿಗೋಸ್ಕರ ಗಿಡವಾಗಿ ಕತ್ತರಿಸಿ ಕತ್ತರಿಸಿ ಬೆಳೆಸುತ್ತಾರೆ, ಕಾಂಡ ದಪ್ಪ ಆಗಲು ಬಿಡುವುದೇ ಇಲ್ಲ. ಉತ್ತರದಲ್ಲಿ, ಪಂಜಾಬ್, ಜಮ್ಮು ಕಡೆ ಅದು ದೊಡ್ಡ ಮರವಾಗಿ ಬೆಳೆಯುತ್ತದೆ. ಹಾಗಾಗಿ ಸ್ಟಿಕ್ ಬರುವುದು ಜಲಂಧರ್, ಮೀರತ್‌ನಿಂದ. ದೇಶ ಇಬ್ಭಾಗ ಆಗುವ ಮೊದಲು ಈ ಕೆಲಸದ ದೊಡ್ಡ ಊರು ಸಿಯಾಲ್‌ಕೋಟ್. 1947ರ ನಂತರ ಅಲ್ಲಿಂದ ಬಂದ ಕುಶಲಕರ್ಮಿಗಳು ಜಲಂಧರ್‌ನಲ್ಲಿ, ಮೀರತ್‌ನಲ್ಲಿ ನೆಲೆ ನಿಂತರು. ಸಿಯಾಲ್‌ಕೋಟ್‌ನಲ್ಲೂ ಕೆಲಸ ನಿಲ್ಲಲಿಲ್ಲ, ಇವತ್ತಿಗೂ ನಡೆಯುತ್ತಾ ಉಂಟು.

ಈ ಮರದ ಹೆಚ್ಚುಗಾರಿಕೆ ಅಂದರೆ ನಾರು ದಟ್ಟ, ಆದರೆ ಬಗ್ಗುತ್ತದೆ. ಹಬೆಯಲ್ಲಿ ಬಿಸಿ ಮಾಡಿ ತಿರುವಿದರೆ ಮುರಿಯದೆ ಚಿಕ್ಕ ಬಾಗಿಗೆ ಬರುತ್ತದೆ. ಮುಖ್ಯ ಏನೆಂದರೆ ಮರವನ್ನು ಬಾಗಿದ ಆಕಾರಕ್ಕೆ ಕತ್ತರಿಸುವುದಲ್ಲ, ನಾರೇ ಬಾಗಬೇಕು. ಕತ್ತರಿಸಿ ಆಕಾರ ಕೊಟ್ಟರೆ ಬಾಗಿನ ಜಾಗದಲ್ಲಿ ನಾರು ತುಂಡಾಗಿರುತ್ತದೆ, ಎರಡನೇ ಹೊಡೆತಕ್ಕೆ ಅಲ್ಲೇ ಹೋಗುತ್ತದೆ. ಒಳ್ಳೆಯ ಸ್ಟಿಕ್ಕನ್ನು ಬೆಳಕಿಗೆ ಹಿಡಿದು ನೋಡಿ. ಗೆರೆಗಳು ಹಿಡಿಯ ಕಡೆಯಿಂದ ನೇರ ಇಳಿದು ಬಂದು ತಲೆಯ ಜೊತೆಗೇ ತಿರುಗಿ ಮೂತಿಯವರೆಗೆ, ಅಂದರೆ ಬಾಗಿದ ತುದಿಯವರೆಗೆ, ಹೋಗುತ್ತವೆ. ಎಲ್ಲಾದರೂ ಗೆರೆ ಅಂಚಿನಿಂದ ಹೊರಗೆ ಓಡಿಹೋದ ಹಾಗೆ ಕಂಡರೆ ಅದನ್ನು ತೆಗೆದುಕೊಳ್ಳಬೇಡಿ.

ಹಿಡಿ ಬೇರೆ ತುಂಡು. ಬೆತ್ತದ ಪಟ್ಟಿಗಳ ನಡುವೆ ರಬ್ಬರ್ ಇಟ್ಟು ಅಂಟಿಸಿ, ಅದರ ತುದಿಯನ್ನು ಬೆಣೆಯ ಆಕಾರಕ್ಕೆ ಕೆತ್ತಿ, ತಲೆಯ ಭಾಗದಲ್ಲಿ ಅದೇ ಆಕಾರದ ಸೀಳು ಮಾಡಿ ಕೂರಿಸುತ್ತಾರೆ. ಮೇಲಿನಿಂದ ದಾರ ಬಿಗಿಯಾಗಿ ಸುತ್ತುತ್ತಾರೆ. ನನ್ನ ಹತ್ತಿರ ಬಂದ ಸ್ಟಿಕ್‌ಗಳಲ್ಲಿ ಹೆಚ್ಚಿನವು ಆ ಬೆಸುಗೆಯ ಹತ್ತಿರವೇ ಬಿಟ್ಟಿದ್ದವು, ಮರ ಮುರಿದದ್ದು ಕಡಿಮೆ.

ಸೀಳಿದರೆ ಹೀಗೆ ಮಾಡುತ್ತೇನೆ. ತೆಳು ಚೂರಿಯ ತುದಿಯಲ್ಲಿ ಸೀಳನ್ನು ಸ್ವಲ್ಪವೇ ಅಗಲಿಸಿ ಒಳಗಿನ ಮಣ್ಣು ತೆಗೆಯುತ್ತೇನೆ. ಮಣ್ಣು ಉಳಿದರೆ ಯಾವ ಅಂಟೂ ಹಿಡಿಯುವುದಿಲ್ಲ. ಆಮೇಲೆ ಫೆವಿಕಾಲ್ ಒಳಗೆ ಇಳಿಯುವ ಹಾಗೆ ಬಿಟ್ಟು, ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಎಳೆದು ಎಳೆದು ಸುತ್ತಿ ಕಟ್ಟುತ್ತೇನೆ. ಬೇಸಿಗೆಯಲ್ಲಿ ಒಂದು ರಾತ್ರಿ ಸಾಕು. ಮಳೆಗಾಲದಲ್ಲಿ ಎರಡು ದಿನ ಬಿಚ್ಚಬಾರದು. ಬಿಚ್ಚಿದ ಮೇಲೆ ಉಕ್ಕಿ ಬಂದ ಅಂಟನ್ನು ಉಪ್ಪು ಕಾಗದದಲ್ಲಿ ಉಜ್ಜಿ, ದಾರ ಸುತ್ತಿ, ಮೇಲೆ ಟೇಪ್. ಇಷ್ಟು ಮಾಡಿದ ಸ್ಟಿಕ್ ಇನ್ನೊಂದು ಸೀಸನ್ ಆಡಿದ್ದನ್ನು ನೋಡಿದ್ದೇನೆ.

ಕಂಠಪಾಠ ಅಂಪೈರ್

ಆಚಾರ್ರೇ, ಒಂದು ಎಚ್ಚರಿಕೆ. ಜಾಸ್ತಿ ದಾರ, ಟೇಪ್ ಸುತ್ತಿದರೆ ಸ್ಟಿಕ್ ದಪ್ಪ ಆಗುತ್ತದೆ. ನಿಯಮದಲ್ಲಿ 51 ಮಿಲಿಮೀಟರ್ ಒಳವ್ಯಾಸದ ಬಳೆಯೊಳಗೆ ಸ್ಟಿಕ್ ಪೂರ್ತಿ ತೂರಿ ಹೋಗಬೇಕು, ಸುತ್ತಿದ ಟೇಪ್ ಸಮೇತ. ತೂಕ 737 ಗ್ರಾಂ ಮೀರಬಾರದು. ಚೂಪು ಅಂಚು, ಎದ್ದ ಚಕ್ಕೆ ಇರಬಾರದು. ಲೋಹ ಬಿಟ್ಟು ಬೇರೆ ಯಾವ ವಸ್ತುವಿನಿಂದ ಮಾಡಿದರೂ ಅಡ್ಡಿಯಿಲ್ಲ. ಹಾಗಾಗಿ ಮರದ ಸ್ಟಿಕ್ ಇವತ್ತಿಗೂ ಯಾವ ಮ್ಯಾಚಿನಲ್ಲೂ ಪೂರ್ತಿ ಕಾನೂನುಬದ್ಧ. "ಮರದ್ದು ನಡೆಯುವುದಿಲ್ಲ" ಅಂತ ಯಾರಾದರೂ ಮಗುವಿಗೆ ಹೇಳಿದರೆ ನಂಬಬೇಡಿ.

ಕುಂದಾಪ್ರ ಬಾಲ್

ಎಡಗೈ ಮಕ್ಕಳಿಗೆ ಬೇರೆ ಸ್ಟಿಕ್ ಸಿಗುತ್ತದಾ? ನಮ್ಮ ಮಗಳು ಎಡಚಿ.

ಕಂಠಪಾಠ ಅಂಪೈರ್

ಇಲ್ಲ. ಹಾಕಿಯಲ್ಲಿ ಎಲ್ಲರೂ ಸ್ಟಿಕ್ಕಿನ ಎಡಬದಿಯ ಚಪ್ಪಟೆ ಮುಖದಲ್ಲೇ, ಇಲ್ಲವೇ ಅದರ ಅಂಚಿನಲ್ಲೇ ಆಡಬೇಕು. ಎಡಚರಿಗೆ ಅದರಿಂದ ತೊಂದರೆ ಏನಿಲ್ಲ. ಸ್ಟಿಕ್ ತಿರುಗಿಸುವ ಕೆಲಸ ಮೇಲಿನ ಎಡಗೈಯದ್ದೇ, ಆ ಕೈಯಲ್ಲಿ ಬಲ ಇದ್ದರೆ ಒಳ್ಳೆಯದೇ ಆಯಿತು. ಧೈರ್ಯವಾಗಿ ಕಳಿಸಿ.

ಉಡುಪಿ ಪಿಟಿ ಟೀಚರ್

ಇಷ್ಟು ಹೊತ್ತು ಓದಿದೆ. ಸರಕಾರಿ ಶಾಲೆಯ ಕಡೆಯಿಂದಲೂ ಒಬ್ಬರು ಮಾತಾಡಬೇಕು ಅಲ್ವಾ?

ನಮ್ಮಲ್ಲಿ ಸ್ಟಿಕ್ ಮಗುವಿನದ್ದಲ್ಲ, ಶಾಲೆಯದ್ದು. ಒಂದು ಬ್ಯಾಚ್ ಆಡಿ ಮುಗಿಸಿದ ಮೇಲೆ ಅದೇ ಸ್ಟಿಕ್ ಇನ್ನೊಂದು ಬ್ಯಾಚಿಗೆ. ಒಂದು ಒಳ್ಳೆಯ ಕಾಂಪೋಸಿಟ್‌ನ ದುಡ್ಡಿಗೆ ಸಾಧಾರಣ ಮರದ್ದು ಹಲವಾರು ಬರುತ್ತವೆ. ಒಬ್ಬ ಹುಡುಗನಿಗೆ ಕಾರ್ಬನ್ ಕೊಡಿಸಿ ಉಳಿದವರನ್ನು ನೋಡುತ್ತಾ ನಿಲ್ಲಿಸಲು ನನ್ನಿಂದ ಆಗುವುದಿಲ್ಲ. ಬಂದ ಎಲ್ಲ ಮಕ್ಕಳ ಕೈಯಲ್ಲೂ ಒಂದು ಸ್ಟಿಕ್ ಇರಬೇಕು ಅನ್ನುವುದು ನನ್ನ ಹಟ. ಅದರಲ್ಲೂ ಹುಡುಗಿಯರು. ಮನೆಯಲ್ಲಿ "ಅವಳಿಗೆ ಯಾಕೆ ಇಷ್ಟು ದುಡ್ಡಿನ ಸ್ಟಿಕ್" ಅಂತ ಕೇಳುವ ಮೊದಲೇ ಅವರು ಆಟ ಕಲಿತುಬಿಟ್ಟಿರಬೇಕು. ಕಲಿತ ಮೇಲೆ ಬಿಡಿಸುವುದು ಕಷ್ಟ.

ಉದ್ದದ ಬಗ್ಗೆಯೂ ಒಂದು ಮಾತು. ಅಣ್ಣನ ಸ್ಟಿಕ್ ತಂಗಿಗೆ ಕೊಟ್ಟು ಕಳಿಸುತ್ತಾರೆ, ಹಿಡಿ ಎದೆವರೆಗೆ ಬರುತ್ತದೆ. ಬೆನ್ನು ಬಗ್ಗಿಸಿ ಆಡಲಾಗದೆ ಮಗು ನೆಟ್ಟಗೆ ನಿಂತು ಬೀಸುತ್ತದೆ, ಆ ಅಭ್ಯಾಸ ಆಮೇಲೆ ಬಿಡುವುದಿಲ್ಲ. ನೆಟ್ಟಗೆ ನಿಂತಾಗ ಹಿಡಿಯ ತುದಿ ಸೊಂಟದ ಮೂಳೆಯ ಹತ್ತಿರ ಬಂದರೆ ಸರಿ. ಸ್ಟಿಕ್ ಮರದ್ದೋ ಕಾಂಪೋಸಿಟ್ಟೋ ಅನ್ನುವುದಕ್ಕಿಂತ ಇದು ಮುಖ್ಯ ಅಂತ ನಾನು ಪ್ರತಿ ಪೋಷಕರ ಸಭೆಯಲ್ಲಿ ಹೇಳುತ್ತೇನೆ.

ಆಗಸ್ಟ್ 29ಕ್ಕೆ ಧ್ಯಾನ್‌ಚಂದ್ ಅವರ ಹುಟ್ಟುಹಬ್ಬ ಅಂತ ಕ್ರೀಡಾ ದಿನ ಮಾಡುತ್ತೇವೆ. ಆ ದಿನ ಮಕ್ಕಳ ಕೈಗೆ ಮರದ ಸ್ಟಿಕ್ ಕೊಟ್ಟು, 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ನಮ್ಮವರು ಜರ್ಮನಿಯನ್ನು 8-1ರಿಂದ ಸೋಲಿಸಿದ್ದು ಇಂಥದ್ದರಲ್ಲೇ ಅಂತ ಹೇಳುತ್ತೇನೆ. ಅವರ ಮುಖ ನೋಡಬೇಕು. ಹಿಡಿದ ಸ್ಟಿಕ್ಕನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಮಲ್ಪೆ ಫೈಬರ್

ನಾನು ಮಲ್ಪೆಯಲ್ಲಿ ಫೈಬರ್ ದೋಣಿ ಕೆಲಸ ಮಾಡುವವನು. ಸಂಜೆ ಹುಡುಗರ ಜೊತೆ ಆಡುತ್ತೇನೆ. ದಿನವಿಡೀ ಗಾಜಿನ ನಾರಿನ ಮ್ಯಾಟ್, ರಾಳ ಮುಟ್ಟುವವನಾದ ಕಾರಣ ಒಂದೆರಡು ಮಾತು.

ಕಾಂಪೋಸಿಟ್ ರಿಪೇರಿ ಆಗುವುದೇ ಇಲ್ಲ ಅಂತ ಅಲ್ಲ. ಅಂಚು ಸವೆದು ನಾರು ಹೊರಗೆ ಕಂಡರೆ ಉಜ್ಜಿ, ಎಪಾಕ್ಸಿ ಹಚ್ಚಿ ಮುಚ್ಚಬಹುದು. ಮುಚ್ಚಲೇಬೇಕು, ಇಲ್ಲದಿದ್ದರೆ ಆ ನಾರು ಕೈಗೆ ಮುಳ್ಳಿನ ಹಾಗೆ ಚುಚ್ಚುತ್ತದೆ, ಕಣ್ಣಿಗೂ ಕಾಣುವುದಿಲ್ಲ, ತೆಗೆಯಲೂ ಕಷ್ಟ. ಆದರೆ ನಡು ಭಾಗದಲ್ಲಿ ಒಳಗಿನ ಪದರ ಬಿಟ್ಟರೆ ಹೊರಗೆ ಏನೂ ತೋರುವುದಿಲ್ಲ. ಬಣ್ಣ ಹೊಳೆಯುತ್ತಲೇ ಇರುತ್ತದೆ. ಹೊಡೆತದ ಸದ್ದು ಮಾತ್ರ ಬದಲಾಗುತ್ತದೆ, ಟಣ್ ಅನ್ನುತ್ತಿದ್ದದ್ದು ಬೊಂಬು ಒಡೆದ ಹಾಗೆ ಕೇಳುತ್ತದೆ. ಒಂದು ದಿನ ಆಟದ ಮಧ್ಯೆ ಫಟ್ ಅಂತ ಎರಡು ತುಂಡು. ನಮ್ಮ ಗುಂಪಿನಲ್ಲಿ ಹಾಗೆ ಮುರಿದ ತುಂಡು ಒಬ್ಬನ ಮೊಣಕೈಗೆ ತಾಗಿ ಹೊಲಿಗೆ ಹಾಕಬೇಕಾಯಿತು.

ಮರ ಮೊದಲೇ ಹೇಳುತ್ತದೆ. ಕೂದಲೆಳೆಯಷ್ಟು ಗೆರೆ ಕಾಣುತ್ತದೆ, ಬೆರಳು ಆಡಿಸಿದರೆ ಸಿಗುತ್ತದೆ. ಆಟಕ್ಕೆ ಮೊದಲು ಒಂದು ಸಲ ಕೈಯಾಡಿಸಿ ನೋಡಿದರೆ ಸಾಕು, ಇವತ್ತು ಆಡಬಹುದಾ ಬೇಡವಾ ಅಂತ ತಿಳಿಯುತ್ತದೆ. ಹಳೆಯ ಮರದ ದೋಣಿ ಹೋಗಿ ಫೈಬರ್ ಬಂದದ್ದರಿಂದಲೇ ನನ್ನ ಹೊಟ್ಟೆ ತುಂಬುತ್ತಿರುವುದು, ಫೈಬರನ್ನು ನಾನು ಬೈಯುವುದಿಲ್ಲ. ಅದು ಒಳ್ಳೆಯ ವಸ್ತು. ಆದರೆ ಸ್ಟಿಕ್ ಮಾತ್ರ ನನಗೆ ಮರದ್ದೇ ಇಷ್ಟ. ಚೆಂಡು ಎಲ್ಲಿ ತಾಗಿತು ಅಂತ ಕಣ್ಣು ಮುಚ್ಚಿ ಹೇಳಬಹುದು, ಮೂತಿಗಾ, ನಡುವಿಗಾ, ಹಿಮ್ಮಡಿಗಾ ಅಂತ ಅಂಗೈಗೆ ತಿಳಿಯುತ್ತದೆ.

ಮಣಿಪಾಲ ಇಂಡೋರ್

ಯಾರೂ ಇಂಡೋರ್ ಹಾಕಿಯ ವಿಷಯ ಎತ್ತಲಿಲ್ಲ. ಅಲ್ಲಿ ಚೆಂಡನ್ನು ಬೀಸಿ ಹೊಡೆಯುವಂತೆಯೇ ಇಲ್ಲ, ಪುಶ್ ಮಾತ್ರ. ಗೋಲಿಗೆ ಶಾಟ್ ಬಿಟ್ಟರೆ ಚೆಂಡನ್ನು ನೆಲದಿಂದ ಎತ್ತುವ ಹಾಗೂ ಇಲ್ಲ. ಬಿರುಸಿನ ಹೊಡೆತವೇ ಇಲ್ಲದ ಮೇಲೆ ಬಿಗಿಯಾದ ಸ್ಟಿಕ್ಕಿನಿಂದ ಲಾಭ ಏನು? ಹಾಗಾಗಿ ಇಂಡೋರ್ ಆಡುವವರಲ್ಲಿ ಇವತ್ತಿಗೂ ತೆಳು ಮರದ ಸ್ಟಿಕ್ ಇಷ್ಟಪಡುವವರು ಬೇಕಾದಷ್ಟು ಜನ. ಯುರೋಪಿನ ಕಂಪನಿಗಳು ಇಂಡೋರ್‌ಗೆ ಅಂತಲೇ ಮರದ್ದು ಮಾಡಿ ಮಾರುತ್ತವೆ. ಟರ್ಫ್ ಹುಡುಗ, ಮರ ಅಂದರೆ ಮಣ್ಣಿಗೆ ಮಾತ್ರ ಅಂತ ತಿಳಿಯಬೇಡಿ. ನುಣುಪು ನೆಲದಲ್ಲೂ ಅದನ್ನು ಬೇಕು ಅಂತಲೇ ಆರಿಸಿಕೊಳ್ಳುತ್ತಾರೆ.

ನಮ್ಮ ಕರಾವಳಿಗೆ ಇಂಡೋರ್ ಇನ್ನೂ ಜಾಸ್ತಿ ಬರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನದಲ್ಲಿ ಆಡಲು ಮಳೆ ಬಿಡುವುದಿಲ್ಲ. ಶಾಲೆಯ ಸಭಾಂಗಣದಲ್ಲಿ ಬದಿಗೆ ಮರದ ಪಟ್ಟಿ ಇಟ್ಟರೆ ಐದೈದು ಜನ ಆಡಬಹುದು.

ಹಳೆ ರೇಡಿಯೊ ಕಾಮೆಂಟರಿ

ಕೆಲವರು ಕಾಂಪೋಸಿಟ್ ಬಂದು ಭಾರತದ ಹಾಕಿ ಬಿದ್ದುಹೋಯಿತು ಅಂತ ಹೇಳುವುದನ್ನು ಕೇಳಿದ್ದೇನೆ. ಇಲ್ಲಿ ಯಾರೂ ಹಾಗೆ ಹೇಳಿಲ್ಲ, ಆದರೂ ಬರೆದುಬಿಡುತ್ತೇನೆ. ಒಲಿಂಪಿಕ್ಸ್‌ಗೆ ಕೃತಕ ಟರ್ಫ್ ಬಂದದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. 1928ರಿಂದ ಪ್ರತಿ ಸಲ ಪದಕ ತಂದ ನಾವು ಅಲ್ಲಿ ಏಳನೇ ಜಾಗಕ್ಕೆ ಇಳಿದೆವು. ಆಗ ಎಲ್ಲರ ಕೈಯಲ್ಲೂ ಮರವೇ ಇತ್ತು, ಗೆದ್ದವರ ಕೈಯಲ್ಲೂ. ಬದಲಾದದ್ದು ನೆಲ. ಕಾಂಪೋಸಿಟ್ ಬರಲು ಶುರುವಾದದ್ದು 90ರ ದಶಕದಲ್ಲಿ. ಎರಡನ್ನೂ ಸೇರಿಸಿ ಸ್ಟಿಕ್ಕಿನ ತಲೆಗೆ ಕಟ್ಟಬಾರದು.

ಇನ್ನೊಂದು ಹೆಮ್ಮೆಯ ವಿಷಯ. ಇಂಗ್ಲೆಂಡಿನವರು ಮೊದಲು ಆಡುತ್ತಿದ್ದ ಸ್ಟಿಕ್ಕಿಗೆ ಉದ್ದ ಮೂತಿ. ಅಲ್ಲಿನ ಆಶ್ ಮರ ಚಿಕ್ಕ ಬಾಗಿಗೆ ಒಗ್ಗುತ್ತಿರಲಿಲ್ಲ. ನಮ್ಮ ಕಡೆ ಹಿಪ್ಪುನೇರಳೆಯಲ್ಲಿ ಗಿಡ್ಡ ಮೂತಿಯ ಸ್ಟಿಕ್ ಮಾಡಿದರು. ಗಿಡ್ಡ ಮೂತಿ ಇದ್ದದ್ದರಿಂದ ಚೆಂಡಿನ ಮೇಲಿಂದ ಸ್ಟಿಕ್ಕನ್ನು ಸರಕ್ ಅಂತ ಆಚೆ ತಿರುಗಿಸಿ ಎಡಕ್ಕೂ ಬಲಕ್ಕೂ ಎಳೆದಾಡಬಹುದು. ಪ್ರಪಂಚ ಬೆರಗಾದ ನಮ್ಮ ಡ್ರಿಬ್ಲಿಂಗ್ ಆ ಮೂತಿಯ ಮೇಲೆ ನಿಂತದ್ದು. ಇವತ್ತು ಕಾರ್ಬನ್ ಅಚ್ಚಿನಲ್ಲಿ ಎರಕ ಆಗಿ ಬರುವ ಸ್ಟಿಕ್ಕಿನ ತಲೆಯೂ ಅದೇ ಆಕಾರದ ಮುಂದುವರಿಕೆ. ಮರ ಹೋದರೂ ಮರ ಕೊಟ್ಟ ಆಕಾರ ಹೋಗಲಿಲ್ಲ.

ಸುರತ್ಕಲ್ ಎಂಜಿನಿಯರ್

ಇದಕ್ಕೆ ಸೇರಿಸಿ ಇನ್ನೊಂದು. ಕ್ರಿಕೆಟ್‌ನಲ್ಲಿ ಬ್ಯಾಟಿನ ಅಲಗು ಮರದ್ದೇ ಆಗಿರಬೇಕು ಅಂತ ನಿಯಮ. 1979ರಲ್ಲಿ ಡೆನ್ನಿಸ್ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟ್ ತಂದಾಗ ಗಲಾಟೆ ಆಯಿತು, ಆಮೇಲೆ ನಿಯಮ ಬಿಗಿಯಾಯಿತು. ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್‌ನಲ್ಲೂ ಮರದ ಬ್ಯಾಟೇ. ಟೆನಿಸ್‌ನಲ್ಲಿ ಅಂಥ ಕಾವಲು ಇರಲಿಲ್ಲ, 80ರ ದಶಕ ಮುಗಿಯುವಷ್ಟರಲ್ಲಿ ಮರದ ರ‍್ಯಾಕೆಟ್ ಮೈದಾನದಿಂದಲೇ ಮಾಯ. ಹಾಕಿಯಲ್ಲೂ ಮರವನ್ನು ಕಾಪಾಡುವ ನಿಯಮ ಇಲ್ಲ. ಆದರೂ ಅದು ಪೂರ್ತಿ ಮಾಯ ಆಗಿಲ್ಲ. ಅದನ್ನು ಉಳಿಸಿದ್ದು ಬೇಕು ಅಂತ ಕೊಳ್ಳುವವರು. ಇದು ನನಗೆ ತುಂಬ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಟರ್ಫ್ ಹುಡುಗ

ಎಲ್ಲ ಓದಿದೆ. ನನ್ನ ಮಾತನ್ನು ಪೂರ್ತಿ ಬಿಡುವುದಿಲ್ಲ, ಹೈಸ್ಕೂಲ್ ಮುಗಿಯುವ ಮೊದಲು ಮಕ್ಕಳ ಕೈಗೆ ಒಮ್ಮೆಯಾದರೂ ಕಾಂಪೋಸಿಟ್ ಬರಬೇಕು, ಟರ್ಫಿಗೂ ಕರೆದುಕೊಂಡು ಹೋಗಬೇಕು. ಪೊನ್ನಂಪೇಟೆಯಲ್ಲಿ ಟರ್ಫ್ ಉಂಟು, ರಜೆಯಲ್ಲಿ ಒಂದು ವಾರ ಕರೆದುಕೊಂಡು ಹೋದರೂ ಸಾಕು, ಆ ವೇಗ ಒಮ್ಮೆ ಕಣ್ಣಿಗೆ ಬೀಳಬೇಕು. ಆದರೆ ಶುರು ಮರದಲ್ಲಿ ಅನ್ನುವುದಕ್ಕೆ ನನ್ನದೂ ಒಪ್ಪಿಗೆ.

ರಥಬೀದಿ ಹಾಫ್‌ಬ್ಯಾಕ್

ಇದು ನ್ಯಾಯದ ಮಾತು. ನಾನು ಪೋಷಕರಿಗೆ ಹೀಗೆ ಹೇಳುವುದು ಅಂತ ಮಾಡಿದ್ದೇನೆ. ಏಳನೇ ಕ್ಲಾಸಿನವರೆಗೆ ಮರ. ಎಂಟು, ಒಂಬತ್ತರಲ್ಲಿ ಮಗು ಮುಂದುವರಿಯುತ್ತದೆ ಅಂತ ಕಂಡರೆ ಕಡಿಮೆ ಕಾರ್ಬನ್‌ನ ಕಾಂಪೋಸಿಟ್. ಟೀಚರ್ ಹೇಳಿದ ಹಾಗೆ ಉದ್ದ ಮೊದಲು ನೋಡುವುದು. ಅಂಗಡಿಯವರಿಗೆ ನಾವು ನಾಲ್ಕೈದು ಶಾಲೆಯವರು ಒಟ್ಟಿಗೆ ಆರ್ಡರ್ ಕೊಟ್ಟರೆ ಜಲಂಧರ್‌ನಿಂದ ಮರದ್ದು ತರಿಸಿಕೊಡಲು ಒಪ್ಪಿದ್ದಾರೆ. ಉಡುಪಿ ಕಡೆಯವರೂ ಸೇರುವುದಾದರೆ ನನಗೆ ಮೆಸೇಜ್ ಮಾಡಿ, ಯಾವ ಉದ್ದ ಎಷ್ಟು ಬೇಕು ಅಂತ ಪಟ್ಟಿ ಕೊಡಿ.

ಉಡುಪಿ ಪಿಟಿ ಟೀಚರ್

ನಾವು ಸೇರುತ್ತೇವೆ ಸರ್. ನಮಗೆ ಹೆಚ್ಚಿನವು ಚಿಕ್ಕ ಸೈಜ್ ಬೇಕು. ಆಚಾರ್ರೇ, ಒಂದು ಪ್ರಶ್ನೆ. ಮಳೆಗಾಲದಲ್ಲಿ ನಮ್ಮ ಸ್ಟೋರ್ ರೂಮಿನಲ್ಲಿ ಇಟ್ಟ ಸ್ಟಿಕ್‌ಗಳಿಗೆ ಬೂಷ್ಟು ಹಿಡಿಯುತ್ತದೆ, ಟೇಪಿನ ಅಡಿಯಲ್ಲಿ ಮರ ಕಪ್ಪಾಗುತ್ತದೆ. ಏನು ಮಾಡುವುದು? ತೆಂಗಿನೆಣ್ಣೆ ಹಚ್ಚಬಹುದಾ?

ಆಚಾರಿ ಮನೆ ಕಾರ್ಕಳ

ತೆಂಗಿನೆಣ್ಣೆ ಬೇಡ ಟೀಚರ್. ಅದು ಒಣಗುವುದಿಲ್ಲ, ಜಿಡ್ಡು ಹಾಗೇ ಉಳಿದು ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ತೆಗೆದುಕೊಳ್ಳಿ, ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ. ಅದು ಗಾಳಿಗೆ ಒಣಗಿ ಮರದ ಮೇಲೆ ಗಟ್ಟಿ ಪದರ ಆಗುತ್ತದೆ. ಮೇ ತಿಂಗಳಲ್ಲಿ, ಬಿಸಿಲು ಇರುವಾಗಲೇ, ಹಳೆಯ ಟೇಪ್ ಪೂರ್ತಿ ಬಿಚ್ಚಿ. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಬಣ್ಣ ಹೋಗಿ ಮರ ಕಾಣುವ ಕಡೆ, ಮುಖ್ಯವಾಗಿ ಮೂತಿಗೆ, ಅಡಿಗೆ, ಬಟ್ಟೆಯಲ್ಲಿ ತೆಳುವಾಗಿ ಎಣ್ಣೆ ಉಜ್ಜಿ. ಒಂದು ದಿನ ಬಿಟ್ಟು ಇನ್ನೊಂದು ಸಲ. ದಪ್ಪ ಹಚ್ಚಿದರೆ ಅಂಟಂಟು ಆಗುತ್ತದೆ. ಬೆತ್ತದ ಹಿಡಿಗೆ ಎಣ್ಣೆ ತಾಗಿಸಬೇಡಿ, ಅಂಟು ಬಿಡುತ್ತದೆ. ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ, ತಾನಾಗಿಯೇ ಬಿಸಿಯಾಗಿ ಬೆಂಕಿ ಹಿಡಿಯುವುದುಂಟು. ಹರಡಿ ಒಣಗಿಸಿ ಬಿಸಾಡಿ.

ಇಡುವಾಗ ಮುರಕಲ್ಲಿನ ಗೋಡೆಗೆ ಒರಗಿಸಬೇಡಿ, ಮಳೆಗಾಲದಲ್ಲಿ ಆ ಗೋಡೆ ಬೆವರುತ್ತದೆ. ನೆಲಕ್ಕೂ ತಾಗಬಾರದು. ಮಾಡಿನ ಪಕ್ಕಾಸಿಗೆ ಹಗ್ಗ ಕಟ್ಟಿ, ತಲೆ ಕೆಳಗೆ ಮಾಡಿ ನೇತು ಹಾಕಿ, ಒಂದಕ್ಕೊಂದು ತಾಗದ ಹಾಗೆ. ಒಲೆಯ ಮೇಲಿನ ಅಟ್ಟದಲ್ಲಿಯೂ ಬೇಡ, ಅಲ್ಲಿ ಜಾಸ್ತಿ ಒಣಗಿ ಬಿರಿಯುತ್ತದೆ. ಮೊದಲೇ ಸೀಳಿದ್ದು ಇದ್ದರೆ ಮಳೆ ಹಿಡಿಯುವ ಮೊದಲು ಕಳಿಸಿ, ಬಸ್ಸಿನಲ್ಲಿ ಕೊಟ್ಟರೂ ಸಾಕು. ಜೂನ್ ಬಂದ ಮೇಲೆ ಅಂಟು ಒಣಗಿಸುವುದು ಕಷ್ಟ.